ಬೂದಿಕೋಟೆಯ ಧ್ವನಿ

ಕೋಲಾರದ ಸೀಮೆಯಲ್ಲಿ, ಬಂಗಾರಪೇಟೆಯಿಂದ ತೆಂಕಣಕ್ಕೆ ಕೆಲವು ಹರದಾರಿಗಳ ದೂರದಲ್ಲಿ ಬೂದಿಕೋಟೆಯೆಂಬ ಊರಿದೆ. ಹೈದರಾಲಿಯ ಜನ್ಮಸ್ಥಳವೆಂದು ವಾಚಕರಲ್ಲಿ ಅನೇಕರು ಇದರ ಹೆಸರನ್ನು ಓದಿ ಬಲ್ಲರು. ಸಂಸ್ಕೃತದಲ್ಲಿ ಇದಕ್ಕೆ ವಿಭೂತಿಪುರವೆಂಬ ಹೆಸರೂ ಉಂಟು. ನಾವು ಆ ಊರಿಗೆ ಹೋದುದು 2005ರ ಬೇಸಗೆಯ ರಜೆಯಲ್ಲಿ. ಹಳೆಯ ಕೋಟೆಯನ್ನು ಕಾಣಬೇಕೆಂಬುದೇ ನಮ್ಮ ಉದ್ದೇಶವಾಗಿದ್ದಿತು. ಆದರೆ ಅಲ್ಲಿ ಕಂಡುದಕ್ಕಿಂತಲೂ ಕೇಳಿದುದೇ ನಮ್ಮ ಮನಸ್ಸಿನಲ್ಲಿ ಇಂದಿಗೂ ನಿಂತಿದೆ.

ಬಂಗಾರಪೇಟೆಯಲ್ಲಿ ರೈಲಿನಿಂದಿಳಿದು ಬಸ್ಸನ್ನು ಹತ್ತಿದೆವು. ದಾರಿಯ ಎರಡು ಕಡೆಗಳಲ್ಲಿಯೂ ಬೋಳುಬಂಡೆಗಳು, ಉತ್ತು ಬಿಟ್ಟ ರಾಗಿಯ ಹೊಲಗಳು, ಅಲ್ಲಲ್ಲಿ ಹಿಪ್ಪುನೇರಿಳೆಯ ತೋಟಗಳು, ತಳ ಕಾಣುವ ಕೆರೆಗಳು. ಬಸ್ಸಿನಲ್ಲಿ ಕನ್ನಡ, ತೆಲುಗು, ತಮಿಳುಗಳು ಒಂದರೊಡನೊಂದು ಬೆರೆತು ಕೇಳಿಬರುತ್ತಿದ್ದುವು. ಮೂರು ನುಡಿಗಳ ಗಡಿಯಲ್ಲಿರುವ ಈ ಜನಕ್ಕೆ ರಾಜಧಾನಿಯ ರೇಡಿಯೋ ನಿಲಯದ ಮಾತು ಅರ್ಥವಾಗುವುದು ನಿಜ. ಆದರೆ ಅದು ಅವರ ಮನೆಯ ಮಾತಲ್ಲ.

ಊರನ್ನು ಸೇರಿದಾಗ ಕೋಟೆಗೆ ದಾರಿ ತೋರಿದ ಗೃಹಸ್ಥರು, "ಮೇಷ್ಟ್ರೇ, ಬಂದದ್ದು ಬಂದಿರಿ, ನಮ್ಮ ಧ್ವನಿಯನ್ನೂ ನೋಡಿಕೊಂಡು ಹೋಗಿ" ಎಂದರು. 'ನಮ್ಮ ಧ್ವನಿ'ಯೆಂಬುದು ಆ ಊರಿನ ಪ್ರಸಾರಕೇಂದ್ರದ ಹೆಸರು. ಮೈರಾಡ ಮತ್ತು ವಾಯ್ಸಸ್ ಎಂಬ ಸೇವಾಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ಅದನ್ನು ಕಟ್ಟಿಕೊಟ್ಟಿದ್ದುವು. ಹಳ್ಳಿಯ ಹೆಂಗಸರೂ ತರುಣರೂ ಅಲ್ಲಿ ಬೇಸಾಯ, ಆರೋಗ್ಯ, ಸ್ತ್ರೀಯರ ಸ್ವಸಹಾಯ ಸಂಘ, ಹಾಡು, ಕಥೆ ಎಲ್ಲವನ್ನೂ ತಾವೇ ಧ್ವನಿಮುದ್ರಿಸುತ್ತಿದ್ದರು. ಆದರೆ ವಿಚಿತ್ರವೇನೆಂದರೆ, ಈ ರೇಡಿಯೋ ಗಾಳಿಯಲ್ಲಿ ಹಾರಿ ಹೋಗುತ್ತಿರಲಿಲ್ಲ; ದೂರದರ್ಶನದ ಕೇಬಲ್ ತಂತಿಯನ್ನು ಹಿಡಿದು ಮನೆಯಿಂದ ಮನೆಗೆ ನಡೆಯುತ್ತಿತ್ತು! ತಂತಿಯಿಲ್ಲದ ಮನೆಯವರು ಸಂತೆಯಲ್ಲಿ ಧ್ವನಿವರ್ಧಕವನ್ನು ಹಾಕಿದಾಗ ಕೇಳಬೇಕಾಗಿತ್ತು.

ಕೋಟೆಯ ಬಳಿಯ ನೆರಳಿನಲ್ಲಿ ವೃದ್ಧೆಯೊಬ್ಬಳು ಕುಳಿತಿದ್ದಳು. ಧ್ವನಿಯನ್ನು ಕೇಳುವುದುಂಟೆ ತಾಯಿ ಎಂದು ವಿಚಾರಿಸಿದೆವು. "ನಮ್ಮ ಕೇರಿಗೆ ತಂತಿ ಬಂದಿಲ್ಲ ಸ್ವಾಮಿ" ಎಂದಳಾಕೆ. "ನನ್ನ ಮಗಳು ಅದ್ರಲ್ಲಿ ಮಾತಾಡವ್ಳೆ. ಊರೋರೆಲ್ಲ ಕೇಳವ್ರೆ, ಹೆತ್ತೋಳು ನಾನು ಮನೇಲಿ ಕೂತು ಕೇಳಿಲ್ಲ. ಗಾಳೀಲಿ ಬಂದಿದ್ರೆ ಕೇಳ್ಬೋದಿತ್ತು. ಗಾಳಿಗೂ ಸರ್ಕಾರದೋರ ರುಜು ಬೇಕಂತಲ್ಲ, ಹೌದಾ?"

ನಾವು ತರ್ಕಶಾಸ್ತ್ರವನ್ನು ಸ್ವಲ್ಪಮಟ್ಟಿಗೆ ಓದಿದವರು. ಶಬ್ದವು ಆಕಾಶದ ಗುಣವೆಂದೂ, ಆ ಆಕಾಶವು ಒಂದೇ, ಸರ್ವವ್ಯಾಪಿ, ಯಾರ ಸೊತ್ತೂ ಅಲ್ಲವೆಂದೂ ಗುರುಗಳು ಹೇಳಿಕೊಟ್ಟಿದ್ದರು. ಆದರೂ ಆಕೆಯ ಪ್ರಶ್ನೆಗೆ ಆ ದಿನ ನಮ್ಮಿಂದ ಉತ್ತರ ಹೊರಡಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ಗ್ರಂಥಗಳನ್ನು ತಿರುವಿ, ತಿಳಿದವರನ್ನು ಕೇಳಿ ಸಂಗ್ರಹಿಸಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಆಕೆಯ ಮಾತು ನಿಜವಾಗಿತ್ತು. 1885ರ ಟೆಲಿಗ್ರಾಫ್ ಶಾಸನವೂ 1933ರ ನಿಸ್ತಂತು ಶಾಸನವೂ ಪರವಾನಗಿಯಿಲ್ಲದ ಪ್ರಸಾರವನ್ನು ನಿಷೇಧಿಸಿದ್ದುವು. ಎರಡೂ ಬ್ರಿಟಿಷರ ಕಾಲದವು. ಆದರೆ ಅದೇ ಕಾಲದಲ್ಲಿ, 1935ರಲ್ಲಿ, ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ನಿಲಯವನ್ನು ನಡೆಸಿದರು. ಆಕಾಶವಾಣಿಯೆಂಬ ಹೆಸರು ಮೊದಲು ಸಂದುದು ಆ ಮನೆಯ ನಿಲಯಕ್ಕೆ. ಸ್ವತಂತ್ರ ಭಾರತದ ಸರ್ಕಾರವು ಅದನ್ನು ದೇಶದ ರೇಡಿಯೋವಿಗೆಲ್ಲ ಇಟ್ಟುಕೊಂಡುದು ಅನಂತರ. ಒಬ್ಬ ಪ್ರಜೆಯ ಮನೆಯಲ್ಲಿ ಹುಟ್ಟಿದ ಹೆಸರು ಸರ್ಕಾರದ್ದಾಯಿತು. ಪ್ರಜೆಗೆ ಮಾತ್ರ ಆಕಾಶವು ಮುಚ್ಚಿಹೋಯಿತು.

ಆ ಬಾಗಿಲನ್ನು ತಟ್ಟಿದುದು ಕ್ರಿಕೆಟ್ ಆಟವೆಂದರೆ ಆಶ್ಚರ್ಯವಾದೀತು. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಘಕ್ಕೂ ಕೇಂದ್ರ ಸರ್ಕಾರಕ್ಕೂ ಪಂದ್ಯಗಳ ಪ್ರಸಾರದ ವಿಷಯವಾಗಿ ವ್ಯಾಜ್ಯವುಂಟಾಯಿತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ತರಂಗಗಳು ಸಾರ್ವಜನಿಕ ಸ್ವತ್ತು; ಸರ್ಕಾರದ ಸ್ವತ್ತಲ್ಲ. ಸಂವಿಧಾನದ 19ನೆಯ ಅನುಚ್ಛೇದವು ಕೊಡುವ ವಾಕ್‌ಸ್ವಾತಂತ್ರ್ಯದಲ್ಲಿ ಈ ಮಾಧ್ಯಮದ ಮೂಲಕ ಹೇಳುವ ಮತ್ತು ಕೇಳುವ ಹಕ್ಕೂ ಸೇರಿದೆ. ತರಂಗಗಳು ಮಿತವಾದುದರಿಂದ ಹಂಚಿಕೆಗೆ ನಿಯಮ ಬೇಕು. ಆದರೆ ಆ ಕೆಲಸವನ್ನು ಸ್ವತಂತ್ರವಾದೊಂದು ಸಾರ್ವಜನಿಕ ಪ್ರಾಧಿಕಾರವು ಮಾಡಬೇಕು. ಇದು ಆ ತೀರ್ಪಿನ ಸಾರ.

ತೀರ್ಪು ಬಂದು ಹತ್ತು ವರ್ಷಗಳಾಗಿದ್ದರೂ ನಾವು ಬೂದಿಕೋಟೆಗೆ ಹೋದಾಗ ಅಲ್ಲಿನ ಮಾತು ತಂತಿಗೆ ಕಟ್ಟುಬಿದ್ದೇ ಇತ್ತು. ಆ ವೇಳೆಗೆ ಸಮುದಾಯದ ರೇಡಿಯೋವನ್ನು ವಿದ್ಯಾಸಂಸ್ಥೆಗಳಿಗೆ ಮಾತ್ರ ಬಿಟ್ಟಿದ್ದರು, ಹಳ್ಳಿಯವರಿಗೆ ಬಿಟ್ಟಿರಲಿಲ್ಲ. ನೆರೆಯ ಆಂಧ್ರದ ಓರ್ವಕಲ್ಲಿನಲ್ಲಿ ಹೆಂಗಸರ ಸಂಘದವರು ನಡೆಸುತ್ತಿದ್ದ ಅತ್ಯಲ್ಪಶಕ್ತಿಯ ನಿಲಯವನ್ನು ಅಧಿಕಾರಿಗಳು 2003ರಲ್ಲಿ ಮುಚ್ಚಿಸಿದರು. ಬಿಹಾರದ ಮನ್ಸೂರ್‌ಪುರದಲ್ಲಿ ಅಂಗಡಿಯೊಂದರಿಂದ ನಡೆಯುತ್ತಿದ್ದ ನಿಲಯಕ್ಕೆ 2006ರಲ್ಲಿ ಅದೇ ಗತಿಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ನಿಯಮವು ಬದಲಾಗಿ, ಮೂರು ವರ್ಷವಾದರೂ ಸೇವೆ ಸಲ್ಲಿಸಿದ ಲಾಭರಹಿತ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಹರಡುವ ಶಕ್ತಿ 100 ವಾಟ್, ಕಂಬದ ಎತ್ತರ 30 ಮೀಟರ್ ಎಂಬುದು ಸಾಮಾನ್ಯ ಮಿತಿ. ಮುಂದೆ ಬೂದಿಕೋಟೆಯ ಧ್ವನಿಯೂ ತಂತಿಯನ್ನು ಬಿಟ್ಟು ಆಕಾಶಮಾರ್ಗವನ್ನು ಹಿಡಿಯಿತು.

ಹಾಗಾದರೆ ಸರ್ಕಾರದ ರುಜುವೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ಕೋಲಾರದ ಕೆರೆಗಳಲ್ಲಿ ನೀರಗಂಟಿಯಿರುವುದನ್ನು ವಾಚಕರು ಬಲ್ಲರು. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವನು ನೋಡಿಕೊಳ್ಳದಿದ್ದರೆ ಮೇಲುಗದ್ದೆಯವನು ಕೆಳಗದ್ದೆಯವನನ್ನು ಒಣಗಿಸಿಬಿಡುವನು. ತರಂಗಗಳ ಸ್ಥಿತಿಯೂ ಹೀಗೆಯೇ. ಒಂದೇ ತರಂಗದಲ್ಲಿ ಇಬ್ಬರು ಮಾತನಾಡಿದರೆ ಇಬ್ಬರ ಮಾತೂ ಕೆಡುವುದು. ಎಫ್.ಎಂ. ರೇಡಿಯೋವಿನ 88ರಿಂದ 108 ಮೆಗಾಹರ್ಟ್ಸಿನ ಪಟ್ಟಿಯನ್ನು ದಾಟಿದೊಡನೆ ವಿಮಾನಗಳಿಗೆ ದಾರಿ ತೋರುವ ಸಂಕೇತಗಳ ಪಟ್ಟಿಯೇ ಬರುತ್ತದೆ. ಕೆಟ್ಟ ಯಂತ್ರವೊಂದು ಅಲ್ಲಿ ಗದ್ದಲವೆಬ್ಬಿಸಿದರೆ ಪ್ರಾಣಾಪಾಯ. ಆದುದರಿಂದ ಯಂತ್ರದ ಪರೀಕ್ಷೆ, ಶಕ್ತಿಯ ಮಿತಿ, ತರಂಗದ ಹಂಚಿಕೆ ಇವು ಸರ್ಕಾರದ ನ್ಯಾಯವಾದ ಅಧಿಕಾರ. ಆದರೆ ನೀರಗಂಟಿಯು ನೀರನ್ನು ಅಳೆಯಬಲ್ಲನೇ ಹೊರತು, ಈ ಗದ್ದೆಯಲ್ಲಿ ಇಂತಹ ಬೆಳೆಯನ್ನು ಬೆಳೆಯಕೂಡದೆಂದು ಹೇಳಲಾರನು.

ತೊಡಕಿರುವುದು ಇಲ್ಲಿಯೇ. 2006ರ ನಿಯಮವು ಸಮುದಾಯದ ರೇಡಿಯೋಗಳಿಗೆ ಸುದ್ದಿಯನ್ನೂ ವರ್ತಮಾನದ ವಿಮರ್ಶೆಯನ್ನೂ ನಿಷೇಧಿಸಿತು. ಅನಂತರ ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಲು ಅನುಮತಿ ಬಂದಿತು. ಮಳೆ, ಪರೀಕ್ಷೆಯ ಫಲಿತಾಂಶ, ನೀರು ಮತ್ತು ವಿದ್ಯುತ್ತಿನ ಪ್ರಕಟಣೆ ಮುಂತಾದವನ್ನು ಹೇಳಬಹುದು. ಎಂದರೆ, ನಾಳೆ ನಲ್ಲಿಯಲ್ಲಿ ನೀರು ಬಾರದೆಂಬ ಪ್ರಕಟಣೆಯನ್ನು ಓದಬಹುದು. ಏಕೆ ಬಾರದು, ಅದಕ್ಕಾಗಿ ಬಂದ ಹಣವೇನಾಯಿತೆಂದು ವಿಚಾರಿಸಹೊರಟರೆ ಅದು ಸುದ್ದಿಯಾಗುವುದು! ಇದೇ ಮಾತನ್ನು ಊರಿನ ಪತ್ರಿಕೆಯು ಅಚ್ಚುಮಾಡಿದರೆ ತಡೆಯುವವರಿಲ್ಲ. ಓದಬಲ್ಲವನಿಗೆ ಪತ್ರಿಕೆಯುಂಟು, ಅಕ್ಷರವಿಲ್ಲದವಳಿಗೆ ಇರುವುದು ಕಿವಿಯೊಂದೇ. ಸಂವಿಧಾನವು ವಾಕ್‌ಸ್ವಾತಂತ್ರ್ಯಕ್ಕೆ ಒಪ್ಪಿರುವ ನಿರ್ಬಂಧಗಳು ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ ಮೊದಲಾದವು. ಕೆಡುಕಾದ ಮಾತನ್ನು ಆಡಿದವನನ್ನು ಆ ಕಾರಣಗಳಿಂದ ದಂಡಿಸಲಿ. ಆಡುವುದಕ್ಕೆ ಮೊದಲೇ ಎಲ್ಲರ ಬಾಯಿಯನ್ನೂ ಕಟ್ಟುವುದು ಆ ಎಲ್ಲೆಯೊಳಗೆ ಬರುವುದೆಂದು ನಮಗೆ ತೋರದು. ಕಾಮನ್ ಕಾಸ್ ಎಂಬ ಸಂಸ್ಥೆಯು ಈ ನಿಷೇಧವನ್ನು ಪ್ರಶ್ನಿಸಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ಆ ದಿನ ಸಂಜೆ ಕೋಟೆಯಿಂದ ಇಳಿದು ಬಸ್ಸಿಗೆ ಕಾದು ನಿಂತಾಗ, ಹತ್ತಿರದ ಮನೆಯೊಂದರಿಂದ 'ನಮ್ಮ ಧ್ವನಿ' ಕೇಳಿಬರುತ್ತಿತ್ತು. ಹುಡುಗಿಯೊಬ್ಬಳು ಏನನ್ನೋ ತಡೆತಡೆದು ಓದುತ್ತಿದ್ದಳು. ಆ ವೃದ್ಧೆಯ ಮಗಳೇ ಇದ್ದರೂ ಇರಬಹುದು. ತಾಯಿಗೆ ನಾವಂದು ಕೊಡಲಾರದೆ ಬಂದ ಉತ್ತರವನ್ನು ಇಂದು ಹೀಗೆ ಕೊಡಬಹುದು: "ತಾಯಿ, ಗಾಳಿಗೆ ರುಜು ಬೇಕು, ನಿಜ, ಆದರೆ ಅದು ಯಂತ್ರದ ಮೇಲೆ ಹಾಕುವ ರುಜು. ನಿನ್ನ ಮಗಳ ಮಾತಿನ ಮೇಲೆ ಹಾಕುವುದಲ್ಲ."