ಸಮೇತನಹಳ್ಳಿ ರಸ್ತೆಯಲ್ಲಿ ಗಟ್ಟಿಯಾದ ಬ್ರೇಕ್

ನೇರಳೆ ಮಾರ್ಗದ ಮೆಟ್ರೋ 2023ರ ಮಾರ್ಚ್‌ನಲ್ಲಿ ಕಾಡುಗೋಡಿ ತಲುಪಿದ ಮೇಲೆ ಬೆಂಗಳೂರು ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡವರು ನಮ್ಮ ಆಫೀಸಿನಲ್ಲಿ ತುಂಬಾ ಮಂದಿ ಇದ್ದಾರೆ. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ ನೋಡಿ. ಸಮೇತನಹಳ್ಳಿ ಸಿಗುತ್ತದೆ. ಹೊಸಕೋಟೆ ತಾಲ್ಲೂಕು. ಒಂದು ಕಡೆ ವಿಲ್ಲಾಗಳ ಉದ್ದನೆಯ ಕಾಂಪೌಂಡು, ಇನ್ನೊಂದು ಕಡೆ ರಾಗಿ ಹೊಲ, ನೀಲಗಿರಿ ತೋಪು. ನಡುವಿನ ರಸ್ತೆಯಲ್ಲಿ ಜಲ್ಲಿ ಟಿಪ್ಪರ್, ಹುಲ್ಲು ಹೊತ್ತ ಟ್ರ್ಯಾಕ್ಟರ್, ಐಟಿ ಕ್ಯಾಬ್, ದಾರಿ ಬಿಡದ ಎಮ್ಮೆ ಎಲ್ಲವೂ ಒಟ್ಟಿಗೆ.

ಜೊತೆಗೆ ತೈಲ ಟ್ಯಾಂಕರ್‌ಗಳೂ ಇವೆ. ಇದೇ ತಾಲ್ಲೂಕಿನ ದೇವನಗುಂದಿಯಲ್ಲಿ ತೈಲ ಕಂಪನಿಗಳ ಡಿಪೋಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಸುಮಾರು 360 ಕಿ.ಮೀ. ಪೈಪಿನಲ್ಲೇ ಪೆಟ್ರೋಲ್, ಡೀಸೆಲ್ ಇಲ್ಲಿಗೆ ಹರಿದು ಬರುತ್ತದೆ. ಇಲ್ಲಿಂದ ಮುಂದಕ್ಕೆ ಟ್ಯಾಂಕರ್. ಹಾಗಾಗಿ ಈ ಭಾಗದಲ್ಲಿ ಕಾರು ಓಡಿಸುವವರ ಬಲಗಾಲಿಗೆ ಬಿಡುವೇ ಇಲ್ಲ.

ಒಂದು ಶನಿವಾರ ಅಪ್ಪ-ಅಮ್ಮನನ್ನು ಕರೆದುಕೊಂಡು ಚಿಕ್ಕತಿರುಪತಿಗೆ ಹೊರಟಿದ್ದೆ. ಸಮೇತನಹಳ್ಳಿ ಹತ್ತಿರ ಹಂಪ್‌ಗೆ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ಗಟ್ಟಿ. ಮುಂದೆ ಟ್ಯಾಂಕರ್ ನಿಧಾನ ಆಗುತ್ತಿತ್ತು. ಸೀಟಿಗೆ ಬೆನ್ನು ಕೊಟ್ಟು ಇಡೀ ಬಲ ಹಾಕಿ ತುಳಿದೆ, ಗೇರ್ ಇಳಿಸಿದೆ. ಕಾರು ನಿಂತಿತು, ಟ್ಯಾಂಕರ್‌ಗೂ ನಮಗೂ ನಡುವೆ ಒಂದು ಬೈಕ್ ನಿಲ್ಲಿಸುವಷ್ಟು ಜಾಗ. ಹಿಂದಿನ ಸೀಟಿನಲ್ಲಿ ಅಮ್ಮ ಮಾತು ನಿಲ್ಲಿಸಿದ್ದರು.

ಹಜಾರ್ಡ್ ಲೈಟ್ ಹಾಕಿ, ಮೊದಲ ಗೇರಿನಲ್ಲೇ ತೆವಳುತ್ತಾ ಪಕ್ಕದ ಗ್ಯಾರೇಜಿಗೆ ಹೋದೆ. ಶೀಟ್ ಹೊದಿಸಿದ ಸಣ್ಣ ಶೆಡ್ಡು. ಐವತ್ತು ದಾಟಿದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: "ಪೆಡಲ್ ಮೆತ್ತಗೆ ಒಳಕ್ ಹೋಗ್ತದಾ, ಇಲ್ಲ ಟೈಟ್ ಆಗೈತಾ ಸಾರ್?"

"ಟೈಟ್ ಅಣ್ಣ."

"ಹಂಗಾದ್ರೆ ಬ್ರೇಕ್ ಹೋಗಿಲ್ಲ. ಬ್ರೇಕ್‌ಗೆ ಸಹಾಯ ಮಾಡೋದು ಹೋಗೈತೆ."

ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿದರೆ ಆಯಿಲ್ ಸೋರಿದೆ ಅಥವಾ ಲೈನಿನಲ್ಲಿ ಗಾಳಿ ಸೇರಿದೆ ಅಂತ ಅನುಮಾನ. ಗಟ್ಟಿಯಾದರೆ ಮೊದಲು ನೋಡಬೇಕಾದ್ದು ಬೂಸ್ಟರ್. ಬಾನೆಟ್ ಎತ್ತಿದರೆ ಡ್ರೈವರ್ ಎದುರಿಗೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಡಬ್ಬ ಕಾಣುತ್ತದಲ್ಲ, ಅದೇ. ಅದರೊಳಗೆ ರಬ್ಬರಿನ ಪರದೆ. ಪೆಟ್ರೋಲ್ ಎಂಜಿನ್ ಒಂದು ಪೈಪಿನ ಮೂಲಕ ಅಲ್ಲಿಂದ ಗಾಳಿ ಹೀರಿಕೊಂಡಿರುತ್ತದೆ. ನಾವು ಪೆಡಲ್ ಒತ್ತಿದಾಗ ಪರದೆಯ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ, ನಮ್ಮ ಕಾಲಿನ ಜೊತೆ ತಾನೂ ತಳ್ಳುತ್ತದೆ. ಡೀಸೆಲ್ ಕಾರಿನಲ್ಲಿ ಹೀರುವ ಕೆಲಸಕ್ಕೆ ಬೇರೆ ಪಂಪ್ ಇರುತ್ತದೆ. ನಮಗೆ ಸಹಾಯ ಮಾಡುವುದು ವಾತಾವರಣದ ಒತ್ತಡ. ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಆ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿಯೇ.

ಮೆಕ್ಯಾನಿಕ್ ಮಾಡಿಸಿದ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಕಿರಲಿಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಬೇಕು, ಗಟ್ಟಿಯಾಗುತ್ತದೆ. ಈಗ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಬೂಸ್ಟರ್ ಸರಿಯಿದ್ದರೆ ಪೆಡಲ್ ಕಾಲಡಿಯಲ್ಲಿ ಸ್ವಲ್ಪ ತಾನಾಗಿ ಕೆಳಗಿಳಿಯುತ್ತದೆ. ನನ್ನದು ಅಲ್ಲಾಡಲಿಲ್ಲ.

ಮುಂದಿನದು ನಾವು ಕೋಡ್ ಡಿಬಗ್ ಮಾಡುವ ಹಾಗೇ, ಒಂದೊಂದೇ ತುಂಡನ್ನು ಬೇರೆ ಮಾಡಿ ನೋಡುವುದು. ಬೂಸ್ಟರ್‌ಗೆ ಬರುವ ಪೈಪ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ತುದಿಗೆ ಹೆಬ್ಬೆರಳು ಇಟ್ಟರು. ಎಳೆತ ಬಲು ಕಮ್ಮಿ. ಆಮೇಲೆ ವಾಲ್ವ್ ತೆಗೆದು ಬಾಯಿಂದ ಊದಿದರು. ಗಾಳಿ ಒಂದೇ ದಿಕ್ಕಿಗೆ, ಎಂಜಿನ್ ಕಡೆಗೆ ಮಾತ್ರ ಹೋಗಬೇಕು, ಹೋಯಿತು. ಅಂದರೆ ವಾಲ್ವ್ ಸರಿಯಿದೆ. ಉಳಿದದ್ದು ಪೈಪ್. ಎಂಜಿನ್ ತುದಿಯ ಕ್ಲಿಪ್ ಸರಿಸಿ ಪೈಪನ್ನು ಬಗ್ಗಿಸಿದರೆ ಕೆಳಗಡೆ ಉಗುರಷ್ಟು ಉದ್ದದ ಬಿರುಕು. ಬೆಳಿಗ್ಗೆಯಿಂದ ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತಿದ್ದುದೂ ಇದೇ ಸೋರಿಕೆಯಿಂದ.

ಹೊಸಕೋಟೆಯಿಂದ ಹುಡುಗ ಹೊಸ ಪೈಪ್ ತರುವಷ್ಟರಲ್ಲಿ ಎರಡು ಟೀ ಆಯಿತು. "ಯಾವ್ದೋ ನೀರಿನ್ ಪೈಪ್ ಹಾಕ್ಬಾರ್ದು ಸಾರ್, ಒಳಕ್ ಹೀರ್ಕೊಂಡು ಚಪ್ಪಟೆ ಆಗ್ತದೆ" ಅಂದರು. ವ್ಯಾಕ್ಯೂಮ್ ತಡೆಯುವ ಪೈಪೇ ಆಗಬೇಕು, ಕ್ಲಿಪ್ಪೂ ಹೊಸದೇ. ಹಾಕಿದ ಮೇಲೆ ಮತ್ತೆ ಅದೇ ಪರೀಕ್ಷೆ. ಈ ಸಲ ಪೆಡಲ್ ಮೆಲ್ಲಗೆ ಇಳಿಯಿತು. ಪೈಪ್ ಕೂಡ ಸರಿಯಿದ್ದು, ಪೆಡಲ್ ಒತ್ತಿ ಹಿಡಿದಾಗ ಕಾಲಿನ ಹತ್ತಿರ ಬುಸ್ ಅಂತ ಸದ್ದು ಬರುತ್ತಲೇ ಇದ್ದರೆ ಬೂಸ್ಟರ್ ಒಳಗಿನ ಪರದೆಯೇ ಹರಿದಿರಬಹುದು. ಆಗ ಬೂಸ್ಟರನ್ನೇ ಬದಲಿಸಬೇಕಾಗುತ್ತದೆ, ಖರ್ಚು ಜಾಸ್ತಿ.

ಓಡುತ್ತಿರುವಾಗಲೇ ಪೆಡಲ್ ಗಟ್ಟಿಯಾದರೆ ಏನು ಮಾಡುವುದು? ಪದೇ ಪದೇ ಒತ್ತಿ ಬಿಡಬೇಡಿ. ಬೂಸ್ಟರ್‌ನಲ್ಲಿ ಚೂರುಪಾರು ಉಳಿದ ಬಲವೂ ಹಾಗೆ ಖಾಲಿಯಾಗುತ್ತದೆ. ಒಂದೇ ಸಲ, ಬೇಕಿದ್ದರೆ ಎರಡೂ ಕಾಲಲ್ಲಿ, ಜೋರಾಗಿ ಒತ್ತಿ ಹಿಡಿಯಿರಿ. ಗೇರ್ ಇಳಿಸಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ.

ನಂದಿ ಬೆಟ್ಟಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಜಾರಿಬಿಡುವ ಗೆಳೆಯರು ನಿಮಗೂ ಇರಬಹುದು. ಎಂಜಿನ್ ನಿಂತರೆ ಗಾಳಿ ಹೀರುವವರಿಲ್ಲ. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ನನಗಾದ ಹಾಗೇ ಕಲ್ಲಾಗುತ್ತದೆ, ಅದೂ ತಿರುವಿನಲ್ಲಿ. ಎಂಜಿನ್ ಓಡಲಿ, ಎರಡನೇ ಗೇರಿನಲ್ಲಿ ಇಳಿಯಿರಿ.

ನಾಳೆ ಬೆಳಿಗ್ಗೆ ಕಾರು ತೆಗೆಯುವಾಗ ಆ ಪರೀಕ್ಷೆ ನೀವೂ ಮಾಡಿ ನೋಡಿ. ಅರ್ಧ ನಿಮಿಷ ಸಾಕು. ಪೆಡಲ್ ಕೆಳಗಿಳಿಯದಿದ್ದರೆ ಆಫೀಸಿಗೆ ಮೆಟ್ರೋದಲ್ಲಿ ಹೋಗಿ, ಕಾರನ್ನು ಗ್ಯಾರೇಜಿಗೆ ಕಳಿಸಿ.