ಸೀರೆಗೆಷ್ಟು ಬೆಳಕು?

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಕೇಂದ್ರ ಸರ್ಕಾರದ ಗುಮಾಸ್ತನಿಗೆ ಕಚೇರಿಯ ಕೆಲಸದ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿ ಅಂಟಿಕೊಳ್ಳುತ್ತದೆ. ಅದು ಊರಿನಿಂದ ಬಂದ ನೆಂಟರಿಷ್ಟರಿಗೆ ಸಬ್‌ಮರೀನ್ ತೋರಿಸುವುದು. ನಾವು ದ್ವಾರಕಾ ನಗರದಲ್ಲಿ ಬಿಡಾರ ಹೂಡಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ‘ಕುರ್ಸುರ’ದ ಹೊಟ್ಟೆಯನ್ನು ಹದಿನಾಲ್ಕು ಸಲ ಹೊಕ್ಕು ಹೊರಬಿದ್ದಿದ್ದೇವೆ. ಯೋನನ ತಿಮಿಂಗಿಲವೂ ಇಷ್ಟು ಸಲ ಬಾಯಿ ತೆರೆದಿರಲಾರದು.

ನೋಡದವರಿಗಾಗಿ ಎರಡು ಮಾತು. ಐ.ಎನ್.ಎಸ್. ಕುರ್ಸುರ ಸೋವಿಯತ್ ದೇಶದಲ್ಲಿ ಕಟ್ಟಿದ ಜಲಾಂತರ್ಗಾಮಿ. 1969ರಲ್ಲಿ ನಮ್ಮ ನೌಕಾಪಡೆಯ ಸೇವೆಗೆ ಸೇರಿ, 2001ರಲ್ಲಿ ನಿವೃತ್ತವಾಯಿತು. ಅದನ್ನು ರಾಮಕೃಷ್ಣ ಬೀಚಿನ ಮರಳಿಗೆ ಎಳೆದು ತಂದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಉದ್ದ ಸುಮಾರು 91 ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ. ಒಂದು ತುದಿಯಲ್ಲಿ ಹತ್ತಬೇಕು, ಇನ್ನೊಂದು ತುದಿಯಲ್ಲಿ ಇಳಿಯಬೇಕು. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ನೌಕಾಪಡೆಯಿಂದ ನಿವೃತ್ತರಾದವರೇ ನಿಂತು, ಇಲ್ಲಿ ಮಲಗುತ್ತಿದ್ದರು, ಇಲ್ಲಿ ಅಡಿಗೆ, ಇಲ್ಲಿ ಟಾರ್ಪೆಡೊ ಎಂದು ಹೇಳುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಹೇಗೆ ಬಾಳಿದರು ಎಂಬುದನ್ನು ತಿಳಿಸಲು ಬೇರೆ ಫಲಕವೇ ಬೇಡ. ತಗ್ಗಿದ ಬಾಗಿಲಿಗೆ ತಲೆ ತಾಗಿದಾಗ ತಾನೇ ತಿಳಿಯುತ್ತದೆ.

ಇಲ್ಲಿ ಎಂಜಿನಿಯರುಗಳಿಗಾಗಲಿ ವಾಸ್ತುಶಿಲ್ಪಿಗಳಿಗಾಗಲಿ ತಮ್ಮ ಕೈಚಳಕ ಮೆರೆಸಲು ಎಡೆಯೇ ಇರಲಿಲ್ಲ. ವಸ್ತುವೇ ಕಟ್ಟಡ, ಕಟ್ಟಡವೇ ವಸ್ತು. ಅವರ ಪಾಲಿಗೆ ಉಳಿದದ್ದು ಬಾಗಿಲು ಕೊರೆಯುವುದು, ಮೆಟ್ಟಿಲು ಜೋಡಿಸುವುದು, ದೀಪ ಹಾಕುವುದು ಇಷ್ಟೆ. ಅದಕ್ಕೇ ಅದು ಚೆನ್ನಾಗಿದೆ ಎಂಬುದು ನಮ್ಮ ಅಂಬೋಣ. ಕೊರತೆಯೊಂದು ಇದ್ದೇ ಇದೆ. ನಮ್ಮ ತಾಯಿಯವರ ಮಂಡಿಗೆ ಆ ಮೆಟ್ಟಿಲು ಹತ್ತಲಾಗಲಿಲ್ಲ. ಅವರು ಕೆಳಗೇ ಕೂತು ಮುರಿ ಮಿಕ್ಸ್ಚರ್ ತಿಂದು, “ಹೊರಗಿನಿಂದನs ದೊಡ್ಡದದ ಬಿಡಪಾ” ಎಂದು ಸಮಾಧಾನಪಟ್ಟುಕೊಂಡರು.

ಹೀಗಿರಲಾಗಿ, ನಮ್ಮ ಮೇಲ್ಮನೆಗೆ ಒಬ್ಬಳು ತೆಲುಗು ಹುಡುಗಿ ಬಾಡಿಗೆಗೆ ಬಂದಳು. ವಾಸ್ತುಶಿಲ್ಪ ಓದುವವಳು, ಐದನೆಯ ವರ್ಷ. ಬಿ.ಆರ್ಕ್. ಎಂದರೆ ಐದು ವರ್ಷದ ಓದು. ಕೊನೆಯಲ್ಲಿ ಒಂದು ದೊಡ್ಡ ವಿನ್ಯಾಸ ಮಾಡಿ ಪರೀಕ್ಷಕರೆದುರು ಸಮರ್ಥಿಸಿಕೊಳ್ಳಬೇಕು. ಆಕೆ ಆರಿಸಿಕೊಂಡದ್ದು ಕಡಲತೀರದ ವಸ್ತುಸಂಗ್ರಹಾಲಯ. ಥರ್ಮಾಕೋಲಿನಲ್ಲಿ ಹಾಯಿಯಂತೆ ಉಬ್ಬಿದ ಮಾಡು, ಸಮುದ್ರದ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ನೋಡಲು ಬಹಳ ಸೊಗಸು. ನಮ್ಮ ಮನೆಯವರು ಕಾಫಿ ಕೊಟ್ಟು ಹೊಗಳಿದರು. ನಾವು ಮಾತ್ರ ಗುಮಾಸ್ತರ ಬುದ್ಧಿಯಿಂದ, “ಒಳಗೆ ಏನೇನು ಇಡುತ್ತೀಯಮ್ಮ?” ಎಂದು ಕೇಳಿದೆವು.

“ಎಕ್ಸಿಬಿಟ್ಸ್, ಅಂಕುಲ್.”

“ಅಂದರೆ ಯಾವುವು?”

“ಅದೆಲ್ಲ ಆಮೇಲೆ ಕ್ಯುರೇಟರ್ ನೋಡಿಕೊಳ್ಳುತ್ತಾರೆ. ನಮಗೆ ಕೊಡುವುದು ಇಷ್ಟು ಚದರ ಮೀಟರ್ ಗ್ಯಾಲರಿ ಅಂತ.”

ಆಕೆಯದು ತಪ್ಪಲ್ಲ. ಅವಳಿಗೆ ಕಲಿಸಿದ್ದೇ ಹಾಗೆ. ಅಡಿಗೆಮನೆಯ ನಕ್ಷೆ ಬರೆಯುವಾಗ ಒಲೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಮೊದಲೇ ಕೇಳುವವರು, ವಸ್ತುಸಂಗ್ರಹಾಲಯದ ವಿಷಯಕ್ಕೆ ಬಂದಾಗ ವಸ್ತುವನ್ನೇ ಕೇಳದೆ ಬರೆಯುವುದು ವಿಚಿತ್ರವಲ್ಲವೇ?

ಈ ಮಾತು ನಮಗೆ ಅಷ್ಟು ನಾಟಲು ಕಾರಣವಿದೆ. ನಮ್ಮ ಊರು ಧಾರವಾಡದ ಕಡೆ. ತಾಯಿಯವರ ತಾಯಿ, ಅಂದರೆ ನಮ್ಮ ಅಜ್ಜಿ, ಮದುವೆಯಲ್ಲಿ ಉಟ್ಟ ಚಂದ್ರಕಾಳಿ ಸೀರೆ ಮನೆಯಲ್ಲಿತ್ತು. ಕಪ್ಪು ಒಡಲಿನ ಮೇಲೆ ಕೈಕಸೂತಿ. ಗೋಪುರ, ತೇರು, ಆನೆ, ತುಳಸಿಕಟ್ಟೆ. ಕಸೂತಿಯ ಗವಂತಿ ಹೊಲಿಗೆಗೆ ಉಲ್ಟಾ ಸುಲ್ಟಾ ಇಲ್ಲ, ಎರಡು ಬದಿಯೂ ಒಂದೇ ರೀತಿ ಕಾಣಬೇಕು. ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ಊರಿನಲ್ಲಿ ಹೊಸ ಸಂಗ್ರಹಾಲಯ ಕಟ್ಟಿ, ಹಳೆಯ ವಸ್ತುಗಳನ್ನು ಕೊಡಿರೆಂದು ಮನೆಮನೆಗೆ ಬಂದರು. ತಾಯಿಯವರು ಪೆಟ್ಟಿಗೆಯಲ್ಲಿ ಹುಳ ತಿನ್ನುವುದಕ್ಕಿಂತ ನಾಲ್ಕು ಜನ ನೋಡಲಿ ಎಂದು ಕೊಟ್ಟರು. ಕಟ್ಟಡವೇನೋ ಭರ್ಜರಿಯಾಗಿದೆ. ಪಶ್ಚಿಮಕ್ಕೆ ಎರಡಾಳೆತ್ತರದ ಗಾಜಿನ ಗೋಡೆ. ಅದರ ಎದುರಿಗೇ ಸೀರೆಯ ಪೆಟ್ಟಿಗೆ. ಹೋದ ರಜೆಯಲ್ಲಿ ತಾಯಿಯವರನ್ನು ಕರೆದುಕೊಂಡು ಹೋದಾಗ, ಬಿಸಿಲು ಬೀಳುವ ಮಗ್ಗುಲಿನ ಕಪ್ಪು ಕಂದಾಗಿತ್ತು, ಕೆಂಪು ದಾರ ಸಪ್ಪೆಯಾಗಿತ್ತು. ಮಡಿಕೆಯ ಒಳಗಿನ ಆನೆ ಮಾತ್ರ ಮೊದಲಿನ ಹಾಗೇ ಇತ್ತು.

“ನಮ್ಮವ್ವನ ಸೀರಿ ಬಿಸಲಾಗ ಒಣಾ ಹಾಕ್ಯಾರಲ್ಲೋ,” ಎಂದರು. ಹೆಚ್ಚು ಮಾತಾಡಲಿಲ್ಲ.

ನಾವು ಬಿ.ಎಸ್ಸಿ. ಓದಿದ್ದು ಇಷ್ಟು ವರ್ಷ ಯಾವುದಕ್ಕೂ ಬಂದಿರಲಿಲ್ಲ. ಆ ದಿನ ಬಂತು. ಬಟ್ಟೆ, ಕಾಗದ, ಜಲವರ್ಣಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆಂದು ಸಂಗ್ರಹಾಲಯ ಶಾಸ್ತ್ರದವರ ರೂಢಿ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ. ಎಷ್ಟು ಬೆಳಕು, ಎಷ್ಟು ಹೊತ್ತು, ಎರಡನ್ನೂ ಗುಣಿಸಬೇಕು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ತೆರೆದಿಟ್ಟರೆ ಒಂದು ಲಕ್ಷ ಇಪ್ಪತ್ತು ಸಾವಿರ ಲಕ್ಸ್-ಗಂಟೆ. ಇದು ಸೀರೆಯ ವರ್ಷದ ರೇಷನ್ನು. ನೇರ ಬಿಸಿಲು ಲಕ್ಷ ಲಕ್ಸ್‌ವರೆಗೆ ಇರುತ್ತದೆ. ಇಳಿಹೊತ್ತು, ಗಾಜು ಎಂದು ಅರ್ಧ ಕಳೆದರೂ ಎರಡೂವರೆ ತಾಸಿನಲ್ಲಿ ಇಡೀ ವರ್ಷದ ರೇಷನ್ನು ಖರ್ಚು! ಮೇಲ್ಮನೆಯ ಹುಡುಗಿಗೆ ಈ ಲೆಕ್ಕವನ್ನು ಹಾಲಿನ ಬಿಲ್ಲಿನ ಹಿಂದೆ ಬರೆದು ತೋರಿಸಿದೆವು. ಅವಳ ಗಾಜು ನೋಡುವುದು ಪೂರ್ವಕ್ಕೆ, ಸಮುದ್ರದ ಹೊಳಪೂ ಸೇರುತ್ತದೆ. ಹುಡುಗಿ ಸುಮ್ಮನಾದಳು.

ಆಮೇಲೆ ಒಂದು ತಿಂಗಳು ಅವಳೂ ನಾವೂ ಇಲ್ಲೇ ದ್ವಾರಕಾ ನಗರದ ಪೌರ ಗ್ರಂಥಾಲಯದಲ್ಲಿ ಮತ್ತು ಅವಳ ಕಂಪ್ಯೂಟರಿನಲ್ಲಿ ತಡಕಾಡಿದೆವು. ಬರೋಡದ ವಿಶ್ವವಿದ್ಯಾಲಯದಲ್ಲಿ 1952ರಿಂದಲೇ ಸಂಗ್ರಹಾಲಯ ಶಾಸ್ತ್ರ ಕಲಿಸುತ್ತಿದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿತು. ಅಮೆರಿಕದ ಈಮ್ಸ್ ದಂಪತಿಗಳು 1958ರಲ್ಲಿ ಬರೆದ ವರದಿ ಅದಕ್ಕೆ ಬುನಾದಿ. ಅದೇ ಈಮ್ಸ್ ಜೊತೆಗೂಡಿ ಆ ಸಂಸ್ಥೆಯವರು ನೆಹರೂ ಜೀವನದ ಪ್ರದರ್ಶನವನ್ನು ರಚಿಸಿದರು, ಅದು 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಯಿತು. ನಿಜವಾದ ವಸ್ತು, ನಿಜವಾದ ನೋಡುಗರನ್ನು ಇಟ್ಟುಕೊಂಡು ಕಲಿತದ್ದು ಎಂದರೆ ಅದು. ಅದೇ ಊರಿನಲ್ಲಿ ಚಾರ್ಲ್ಸ್ ಕೊರಿಯಾ 1963ರಲ್ಲಿ ಮುಗಿಸಿದ ಸಾಬರಮತಿಯ ಗಾಂಧಿ ಸಂಗ್ರಹಾಲಯದಲ್ಲಿ ಗಾಜಿನ ಕಿಟಕಿಯೇ ಇಲ್ಲ. ತೆರೆದು ಮುಚ್ಚುವ ಮರದ ಪಟ್ಟಿಗಳು, ಹೆಂಚಿನ ಮಾಡು. ದೇಶದಲ್ಲಿ ವಿದ್ಯೆ ಇಲ್ಲವೆಂದಲ್ಲ. ವಸ್ತುವನ್ನು ಬಲ್ಲವರು ಒಂದು ಕಡೆ, ಗೋಡೆಯನ್ನು ಬಲ್ಲವರು ಇನ್ನೊಂದು ಕಡೆ ಕೂತು ಪಾಠ ಕೇಳುತ್ತಿದ್ದಾರೆ. ನಮ್ಮ ಕಚೇರಿಯ ಎರಡು ಸೆಕ್ಷನ್ನುಗಳ ಹಾಗೆ. ಫೈಲು ಒಂದೇ, ನೋಡುವವರು ಬೇರೆ ಬೇರೆ.

ನಮಗೆ ಹಿಡಿಸಿದ್ದು ಬಾಸ್ಟನ್ನಿನ ಗಿಲ್ಮನ್ ಎಂಬ ಮಹಾಶಯ. ಆತ 1916ರಲ್ಲೇ ‘ಸಂಗ್ರಹಾಲಯದ ಆಯಾಸ’ ಎಂದು ಬರೆದ. ಒಬ್ಬ ಮನುಷ್ಯನನ್ನು ಪೆಟ್ಟಿಗೆಗಳ ಮುಂದೆ ನಿಲ್ಲಿಸಿ, ಇದು ನೋಡು, ಅದರ ಚೀಟಿ ಓದು ಎಂದು ಹೇಳಿ, ಅವನು ಬಗ್ಗುವುದನ್ನೂ ಕುಕ್ಕರುಗಾಲಲ್ಲಿ ಕೂರುವುದನ್ನೂ ಫೋಟೋ ಹಿಡಿಸಿದ. ಆ ಚಿತ್ರಗಳನ್ನು ನೋಡಿ ತಾಯಿಯವರು, “ಇಂವನ ಮಣಕಾಲೂ ಹೋಗ್ಯಾವೇನು?” ಎಂದು ಕೇಳಿದರು.

ಅದು ಹುಡುಗಿಗೆ ಉಪಾಯ ಕೊಟ್ಟಿತು. ತಾಯಿಯವರನ್ನು ಆಟೋದಲ್ಲಿ ಬೀಚ್ ರಸ್ತೆಯ ವಿಶಾಖ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅದು 1991ರಲ್ಲಿ ಹಳೆಯ ಡಚ್ಚರ ಬಂಗಲೆಯೊಂದರಲ್ಲಿ ತೆರೆದದ್ದು. 1942ರಲ್ಲಿ ಜಪಾನೀಯರು ಈ ಊರಿನ ಮೇಲೆ ಹಾಕಿದ, ಸಿಡಿಯದೆ ಉಳಿದ ಬಾಂಬು ಅಲ್ಲಿದೆ. ಅವರು ಎಲ್ಲಿ ನಿಂತರು, ಎಲ್ಲಿ ಗೋಡೆ ಹಿಡಿದರು, ಯಾವ ಚೀಟಿ ಓದಲಾಗದೆ ಬಿಟ್ಟರು, ಎಲ್ಲವನ್ನೂ ಬರೆದುಕೊಂಡಳು. ಬಾಂಬಿನ ಮುಂದೆ ಬಹಳ ಹೊತ್ತು ನಿಂತರಂತೆ. ಐದು ವರ್ಷದ ಓದಿನಲ್ಲಿ ಇಂಥ ಒಂದು ಮಧ್ಯಾಹ್ನ ಪಠ್ಯದಲ್ಲೇ ಇರಬೇಡವೇ? ನಲವತ್ತು ವಸ್ತುಗಳ ಪಟ್ಟಿ, ಅವುಗಳ ಅಳತೆ, ತೂಕ, ಅವಕ್ಕೆ ತಡೆಯುವ ಬೆಳಕು ಮತ್ತು ತೇವ, ಒಬ್ಬ ಮುದುಕಿ, ಒಂದು ಶಾಲೆಯ ಮಕ್ಕಳು. ಇಷ್ಟನ್ನು ಕೈಗೆ ಕೊಟ್ಟು, ಈಗ ಗೋಡೆ ಬರೆ ಎನ್ನಬೇಕು.

ಹುಡುಗಿಯ ನಕ್ಷೆ ಬದಲಾಯಿತು. ಗಾಜು ಊಟದ ಕೋಣೆಗೆ ಸರಿಯಿತು, ನಡುವೆ ಕಿಟಕಿಯಿಲ್ಲದ ಕತ್ತಲು ಕೋಣೆ ಬಂತು, ಇಪ್ಪತ್ತು ಹೆಜ್ಜೆಗೊಂದು ಬೆಂಚು. ಪರೀಕ್ಷಕರಲ್ಲೊಬ್ಬರು ಮೊದಲಿನದೇ ಹೆಚ್ಚು ಧೈರ್ಯವಾಗಿತ್ತು ಎಂದರಂತೆ. ಪಾಸಾಗಿದ್ದಾಳೆ.

ಇತ್ತ ನಾವು ಸೀರೆ ಇರುವ ಸಂಗ್ರಹಾಲಯಕ್ಕೆ ಲಕ್ಸಿನ ಲೆಕ್ಕ ಸಮೇತ ಒಂದು ಅರ್ಜಿ ಹಾಕಿದೆವು. ಪೆಟ್ಟಿಗೆಯನ್ನು ಒಳಗಿನ ಕೋಣೆಗೆ ಸರಿಸಿರಿ, ಇಲ್ಲವೇ ಗಾಜಿಗೆ ಪರದೆ ಹಾಕಿರಿ ಎಂದು. “ವಿಷಯವು ಪರಿಶೀಲನೆಯಲ್ಲಿದೆ” ಎಂದು ಉತ್ತರ ಬಂದಿದೆ. ಈ ವಾಕ್ಯವನ್ನು ನಾವೇ ಇಪ್ಪತ್ತು ವರ್ಷ ಬರೆದವರು, ಅದರ ಅರ್ಥ ಬಲ್ಲೆವು. ತಾಯಿಯವರು ಕಾಯಲಿಲ್ಲ. ಜಗದಂಬಾ ಜಂಕ್ಷನ್ನಿನಿಂದ ದಪ್ಪ ಕಪ್ಪು ಬಟ್ಟೆ ತರಿಸಿ, ಎರಡು ಪದರು ಮಾಡಿ ಹೊಲಿಸಿದ್ದಾರೆ. ದಸರಾ ರಜೆಗೆ ರೈಲಿನಲ್ಲಿ ಅದನ್ನು ಹೊತ್ತುಕೊಂಡು ಹೋಗುವವರು ನಾವು.