ಗೋಡೆ ಏರಿದ ಠಾಣೆ

ನಮ್ಮ ಕಡೆ ಗೋಡೆ ಏರಿ ಕೂರಬೇಕಾದರೆ ಒಂದು ಯೋಗ್ಯತೆ ಬೇಕು. ದೇವರಾಗಿರಬೇಕು, ತೀರಿಕೊಂಡ ಹಿರಿಯರಾಗಿರಬೇಕು, ಅದೂ ಇಲ್ಲದಿದ್ದರೆ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರಾದರೂ ಆಗಿರಬೇಕು. ಲಂಡನ್ನಿನ ನಮ್ಮ ಮನೆಯ ಹಾಲಿನಲ್ಲಿ ತೂಗುವ ಫೋಟೊ ಈ ಮೂರರಲ್ಲಿ ಯಾವುದೂ ಅಲ್ಲ. ಪೋರ್ಟೊಬೆಲ್ಲೊ ರಸ್ತೆಯ ಶನಿವಾರದ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಹುಳು ಕೊರೆದ ಕಪ್ಪು ಚೌಕಟ್ಟು, ಒಳಗೆ ಕಂದು ಬಣ್ಣಕ್ಕೆ ತಿರುಗಿದ ಒಂದು ಅಗ್ನಿಶಾಮಕ ಠಾಣೆ. ಹಿಂಬದಿಯ ರಟ್ಟಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ‘ಮ್ಯಾಂಚೆಸ್ಟರ್ ಸ್ಕ್ವೇರ್’ ಎಂದು ಬರೆದಿದ್ದಾರೆ. ಚಿಲ್ಟರ್ನ್ ಬೀದಿಯಲ್ಲಿ 1889ರಲ್ಲಿ ಎದ್ದ ಕಟ್ಟಡ ಅದು. ರಾಬರ್ಟ್ ಪಿಯರ್ಸಾಲ್ ಎಂಬ ವಾಸ್ತುಶಿಲ್ಪಿ ಇಗರ್ಜಿಗೆ ಒಪ್ಪುವ ಚೂಪು ಕಮಾನುಗಳನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಊರಿಂದ ಬಂದ ಅಮ್ಮ ಕನ್ನಡಕ ಏರಿಸಿ ನೋಡಿದರು. “ಯಾರ ಕಡೆಯವರೋ ಇವರೆಲ್ಲ?”

“ಫೈರ್ ಎಂಜಿನ್‌ನೋರಮ್ಮ. ನೂರು ವರ್ಷದ ಮೇಲಾಯ್ತು.”

“ಅಂದ್ರೆ ಎಲ್ಲ ಹೋದವರೇ. ಹೋದವರನ್ನ ದಕ್ಷಿಣಕ್ಕೆ ಮುಖ ಮಾಡಿ ಹಾಕ್ಬೇಕಲ್ಲೋ.” ಮರುದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಠಾಣೆ ಗೋಡೆ ಬದಲಾಯಿಸಿತ್ತು.

ಫೋಟೊದಲ್ಲಿ ಎಲ್ಲರೂ ಕಂಬ ನುಂಗಿದವರಂತೆ ನಿಂತಿದ್ದಾರೆ, ಎಡಗಡೆಯ ಬಿಳಿ ಕುದುರೆಯೊಂದನ್ನು ಬಿಟ್ಟು. ಅದು ತಲೆ ಕೊಡವಿದೆ. ಹಾಗಾಗಿ ಅದಕ್ಕೆ ಮುಖವಿಲ್ಲ, ಮುಖವಿರಬೇಕಾದ ಕಡೆ ಒಂದಿಷ್ಟು ಮಂಜು. ಆ ಕುದುರೆಗಳೂ ಠಾಣೆಯ ಸ್ವಂತದವಲ್ಲ; ಲಂಡನ್ನಿನಲ್ಲಿ ಕುದುರೆಬಸ್ಸು ಓಡಿಸುತ್ತಿದ್ದ ಥಾಮಸ್ ಟಿಲ್ಲಿಂಗ್‌ನ ಕಂಪನಿ ಅವನ್ನು ಅಗ್ನಿಶಾಮಕ ದಳಕ್ಕೆ ಬಾಡಿಗೆಗೆ ಕೊಡುತ್ತಿತ್ತು. ಅವುಗಳ ಹಿಂದೆ ಉಗಿಯ ಪಂಪು, ಹೊಗೆಕೊಳವೆ ಸಮೇತ. ಬೆಂಕಿ ಆರಿಸಲು ಹೊರಟ ಬಂಡಿ ಮೊದಲು ತನ್ನ ಒಲೆಗೆ ಬೆಂಕಿ ಹಾಕಿಕೊಳ್ಳಬೇಕು! ಬಾಯ್ಲರಿನ ನೀರನ್ನು ಠಾಣೆಯಲ್ಲೇ ಬಿಸಿಯಾಗಿಟ್ಟಿರುತ್ತಿದ್ದರು. ಕರೆ ಬಂದೊಡನೆ ಉರಿ ಹಚ್ಚಿದರೆ, ಕುದುರೆಗಳು ಬೆಂಕಿಯ ಜಾಗ ಮುಟ್ಟುವ ಹೊತ್ತಿಗೆ ಉಗಿ ಏರಿರಬೇಕು. ದಾರಿ ಬಿಡಿಸಲು ಬಂಡಿಯ ಮೇಲಿನವರು ‘ಹೈ ಹೈ’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆ ಗಂಟಲುಗಳಲ್ಲಿ ಹೆಚ್ಚಿನವು ಹಡಗಿನವು. ದಳದ ಮುಖ್ಯಸ್ಥ ಕ್ಯಾಪ್ಟನ್ ಐರ್ ಮ್ಯಾಸಿ ಶಾ ನಾವಿಕರನ್ನೇ ಹುಡುಕಿ ಸೇರಿಸಿಕೊಳ್ಳುತ್ತಿದ್ದ: ಹತ್ತಲು ಹೆದರುವುದಿಲ್ಲ, ಹೇಳಿದ ಮಾತು ಮೀರುವುದಿಲ್ಲ, ಹಗಲು ರಾತ್ರಿ ಪಾಳಿ ಕಾಯುವುದು ರೂಢಿಯಾಗಿರುತ್ತದೆ.

ಇಂಥದೊಂದು ದಳ ಹುಟ್ಟಿದ್ದು ದಯೆಯಿಂದೇನೂ ಅಲ್ಲ. ಬೆಂಕಿ ಆರಿಸುವ ಕೆಲಸ ಮೊದಲು ವಿಮಾ ಕಂಪನಿಗಳದ್ದಾಗಿತ್ತು. 1861ರ ಜೂನ್‌ನಲ್ಲಿ ಥೇಮ್ಸ್ ದಂಡೆಯ ಟೂಲಿ ಬೀದಿಯ ಗೋದಾಮುಗಳಿಗೆ ಬೆಂಕಿ ಬಿತ್ತು. ಹತ್ತಿ, ಸೆಣಬು, ಸಕ್ಕರೆ, ಚಹಾ, ಕೊಬ್ಬು, ಎಲ್ಲ ಒಟ್ಟಿಗೆ. ಆಗಿನ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ದಣಿದ ಆಳುಗಳಿಗೆ ಗುಟುಕು ಬ್ರಾಂಡಿ ಹಂಚುತ್ತಿದ್ದಾಗ ಗೋಡೆ ಕುಸಿದು ಅವನ ಮೇಲೆ ಬಿತ್ತು. ಬೆಂಕಿ ಪೂರ್ತಿ ತಣ್ಣಗಾಗಲು ಎರಡು ವಾರ ಹಿಡಿಯಿತು. ಪರಿಹಾರ ಕೊಟ್ಟು ಸುಸ್ತಾದ ಕಂಪನಿಗಳು, ಇನ್ನು ನಮ್ಮ ಕೈಲಾಗದು ಎಂದು ಸರ್ಕಾರದ ಮುಂದೆ ನಿಂತವು. 1865ರಲ್ಲಿ ಕಾಯ್ದೆ ಬಂತು, ಮರುವರ್ಷದ ಮೊದಲ ದಿನದಿಂದ ದಳ ಊರಿನದಾಯಿತು. ಲಾಭ ಇರುವವರೆಗೆ ಖಾಸಗಿ, ಕೈ ಸುಟ್ಟ ಮೇಲೆ ಸಾರ್ವಜನಿಕ. ಇದನ್ನು ಕಂಡುಹಿಡಿದವರು ನಾವಲ್ಲ ಎಂಬುದಷ್ಟೇ ಸಮಾಧಾನ.

ನನಗೆ ಈ ಫೋಟೊ ಇಷ್ಟವಾಗಿದ್ದು ಹೆಲ್ಮೆಟ್ಟುಗಳಿಂದ. ಹಿತ್ತಾಳೆಯವು, ನೆತ್ತಿಯ ಮೇಲೊಂದು ಜುಟ್ಟು. ಪ್ಯಾರಿಸ್ಸಿನವರದನ್ನು ನೋಡಿ ಶಾ ಮಾಡಿಸಿದ್ದು. ನಮ್ಮಪ್ಪ ಮಲೆನಾಡಿನ ಊರೊಂದರಲ್ಲಿ ಕೆಇಬಿ ಲೈನ್‌ಮ್ಯಾನ್ ಆಗಿದ್ದರು. ಕರೆಂಟು ಕೆಲಸದವನು ತಲೆಗೆ ಹಿತ್ತಾಳೆ ಹಾಕಿಕೊಳ್ಳುವುದನ್ನು ಕಂಡಿದ್ದರೆ ಅವರು ಅಲ್ಲೇ ಬೈದು ಕಿತ್ತು ಹಾಕಿಸುತ್ತಿದ್ದರು. ಲಂಡನ್ನಿನವರಿಗೂ ಅದು ತಡವಾಗಿ ಹೊಳೆಯಿತು. ಮನೆಮನೆಗೆ ವಿದ್ಯುತ್ ಬಂದು, ತೂಗುಬಿದ್ದ ತಂತಿಗಳು ತಲೆಗೆ ತಗಲುವ ಕಾಲ ಬಂದಮೇಲೆ, 1930ರ ದಶಕದಲ್ಲಿ ಹಿತ್ತಾಳೆಗೆ ವಿದಾಯ ಹೇಳಿದರು.

ಆದರೆ ಅಮ್ಮ ನೋಡುತ್ತಿದ್ದುದು ಹೆಲ್ಮೆಟ್ಟನ್ನಲ್ಲ. ಮೇಲಿನ ಅಂತಸ್ತಿನ ಕಿಟಕಿಯಲ್ಲಿ ಒಂದು ಹೆಂಗಸಿನ ಆಕೃತಿ ಇದೆ. ಅಷ್ಟು ದಿನ ನಾನು ಅದನ್ನು ಪರದೆ ಎಂದುಕೊಂಡಿದ್ದೆ. ಠಾಣೆಯ ಮೇಲೆಯೇ ಸಂಸಾರಗಳೂ ಇರುತ್ತಿದ್ದವು. ಅನುಮತಿ ಇಲ್ಲದೆ ಗಂಡಸು ಹೊರಗೆ ಕಾಲಿಡುವಂತಿಲ್ಲ, ಕರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಇದನ್ನೆಲ್ಲ ನಾನು ಅಮ್ಮನಿಗೆ ವಿವರಿಸಲು ಹೊರಟರೆ ಅವರು ಕೈಯಾಡಿಸಿ ತಡೆದರು. ಕೆಇಬಿ ಕ್ವಾರ್ಟರ್ಸಿನಲ್ಲಿ ಮಳೆಗಾಲವಿಡೀ ಅದೇ ಬದುಕು. ಗಾಳಿ ಎದ್ದರೆ ಅಮ್ಮ ಟಾರ್ಚು, ರಬ್ಬರ್ ಕೈಗವಸು, ಕಂಬಳಿಕೊಪ್ಪೆ ಬಾಗಿಲ ಬಳಿ ತಂದಿಡುತ್ತಿದ್ದರು. ಯಾರೋ ಬಂದು “ಲೈನ್ ಮೇಲೆ ಮರ ಬಿದ್ದೈತೆ” ಎನ್ನುವುದಕ್ಕೆ ಮುಂಚೆಯೇ ಅಪ್ಪ ಎದ್ದು ಕೂತಿರುತ್ತಿದ್ದರು.

“ಇವಳು ನೆಟ್ಟಗೆ ನಿದ್ದೆ ಮಾಡಿರಲ್ಲ ಬಿಡು,” ಎಂದರು ಅಮ್ಮ, ಕಿಟಕಿಯ ಮೇಲೆ ಬೆರಳಿಟ್ಟು. ಗಾಜಿನ ಮೇಲೆ ಬೆರಳಚ್ಚು ಉಳಿಯಿತು.

ಆ ಠಾಣೆ 2005ರಲ್ಲಿ ಮುಚ್ಚಿತು. 2014ರಲ್ಲಿ ಅದೇ ಕಟ್ಟಡ ‘ಚಿಲ್ಟರ್ನ್ ಫೈರ್‌ಹೌಸ್’ ಎಂಬ ದುಬಾರಿ ಹೋಟೆಲಾಗಿ ತೆರೆದು, ಬಾಗಿಲಲ್ಲಿ ಸಿನಿಮಾ ತಾರೆಯರೂ ಕ್ಯಾಮೆರಾದವರೂ ತುಂಬಿಕೊಂಡರು. ನಾನು ಹೊರಗಿನಿಂದ ನೋಡಿದ್ದೇನೆ. ಒಳಗೆ ಹೋಗುವ ಜೇಬು ನನ್ನದಲ್ಲ. 2025ರ ಫೆಬ್ರುವರಿ 14ರಂದು, ಪ್ರೇಮಿಗಳ ದಿನದ ಗಿರಾಕಿಗಳಿಗೆ ಸಿದ್ಧವಾಗುತ್ತಿದ್ದ ಹೋಟೆಲಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ಠಾಣೆಯ ಬೆಂಕಿ ಆರಿಸಲು ಬೇರೆ ಠಾಣೆಗಳಿಂದ ಎಂಜಿನ್ನುಗಳು ಬಂದವು. ಆ ರಾತ್ರಿ ಊರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

“ವೈರಿಂಗ್ ಸರಿ ಇರ್ಲಿಲ್ಲ ಅಂತ ಕಾಣತ್ತೆ,” ಎಂದರು ಲೈನ್‌ಮ್ಯಾನಿನ ಹೆಂಡತಿ, ಕ್ಷಣ ತಡಮಾಡದೆ.

ಕೆಲವು ದಿನ ಬಿಟ್ಟು ಕಾರಣ ಗೊತ್ತಾದಾಗ ಮತ್ತೆ ಹೇಳಿದೆ. “ವೈರಿಂಗ್ ಅಲ್ಲಮ್ಮ. ಪಿಜ್ಜಾ ಒಲೆಯಿಂದ ಉರಿಯೋ ಕಟ್ಟಿಗೆ ಬಿತ್ತಂತೆ.”

“ಅಷ್ಟು ದುಡ್ಡಿನ ಹೋಟ್ಲಲ್ಲಿ ಸೌದೆ ಒಲೇನಾ?” ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. “ನಾವೇ ಗ್ಯಾಸಿಗೆ ಬಂದು ಎಷ್ಟು ಕಾಲ ಆಯ್ತು!”